ಬಳ್ಳಾರಿಯ ಮನೆಯೊಳಗೆ ಕಡಲ ನೀರು ಓಡಾಡುವ ಬಗೆ

(ಬಳ್ಳಾರಿಯಲ್ಲಿ ಮೀನು ಸಾಕುವ ಹವ್ಯಾಸಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತು ಬಂದ ಕ್ರಮದಲ್ಲೇ ಇದೆ.)

ಒಂದೆರಡು ನಿಮಿಷ ಫ್ಯಾನ್ ಆರಿಸಿ ಅಂತ ಕೇಳಿಕೊಂಡದ್ದು ಈ ಊದುಬತ್ತಿಗಾಗಿ. ಹೊಗೆ ನೋಡಿ. ತುದಿಯಿಂದ ಒಂದು ಗೇಣು ಎತ್ತರದವರೆಗೆ ನೂಲು ಎಳೆದ ಹಾಗೆ ನೆಟ್ಟಗೆ ಏಳುತ್ತಿದೆ. ಅಲ್ಲಿಂದ ಮೇಲೆ ಎಳೆ ಅಲುಗಿತು, ಸುರುಳಿ ಬಿಚ್ಚಿತು, ಚದುರಿತು. ಬತ್ತಿ ಒಂದೇ, ಹೊಗೆ ಒಂದೇ, ಹರಿವಿನ ಗುಣ ಮಾತ್ರ ಎರಡು. 1883ರಲ್ಲಿ ಮ್ಯಾಂಚೆಸ್ಟರಿನ ಓಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆ ಬಿಟ್ಟು ಇದನ್ನೇ ತೋರಿಸಿದ. ನೀರು ನಿಧಾನವಾಗಿದ್ದಾಗ ಬಣ್ಣ ದಾರದಂತೆ ಸಾಗಿತು, ವೇಗ ಒಂದು ಮಿತಿ ದಾಟಿದ ಕೂಡಲೇ ಕದಡಿಹೋಯಿತು.

ಮನೆಯ ಗಾಜಿನ ಟ್ಯಾಂಕಿನಲ್ಲಿ ಉಪ್ಪುನೀರು ತುಂಬಿ ಹವಳ ಸಾಕುವ ನಮ್ಮ ಹವ್ಯಾಸದಲ್ಲಿ ‘ಲ್ಯಾಮಿನಾರ್ ಫ್ಲೋ’ ಅನ್ನುವ ಮಾತು ಬಹಳ ಓಡಾಡುತ್ತದೆ. ಊದುಬತ್ತಿಯ ಕೆಳಗಿನ ಹೊಗೆಯಂಥ, ಕದಡದ ಹರಿವು ಅಂತ ಅದರ ಅರ್ಥ. ಒಂದೇ ದಿಕ್ಕಿಗೆ ಒಂದೇ ಸಮನೆ ಹೊಡೆಯುವ ಪಂಪಿನ ನೀರಿಗೆ ಹಾಗೆ ಅಂತೀವಿ. ರೆನಾಲ್ಡ್ಸ್ ಹೇಳಿದ ಅರ್ಥದಲ್ಲಿ ಪಂಪಿನ ಬಾಯಿಂದ ಬರುವ ನೀರೂ ಒಳಗೊಳಗೆ ಕದಡಿದ್ದೇ. ಹವಳಕ್ಕೆ ತೊಂದರೆ ಕೊಡುವುದು ಅದರ ದಿಕ್ಕು ಬದಲಾಗದೇ ಇರುವುದು. ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ: ಟ್ಯಾಂಕಿನ ಪ್ರತಿ ಮೂಲೆಗೂ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕಡೆಯಿಂದ ನೀರು ಬರಬೇಕು. ಅದು ಯಾಕೆ, ಹೇಗೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಫ್ಯಾನ್ ಹಾಕಿಬಿಡಿ.

ಈಗ ಗಾಳಿ ಬಂತು, ನಿಮಗೆಲ್ಲ ಹಾಯೆನಿಸಿತು. ಕೋಣೆಯ ಬಿಸಿ ಕಡಿಮೆಯಾಗಿಲ್ಲ. ಚರ್ಮದ ಮೇಲೆ ಬೆವರಿನ ಆವಿ ತೆಳ್ಳಗೆ ಹೊದ್ದುಕೊಂಡು ಕೂತಿತ್ತು, ಫ್ಯಾನಿನ ಗಾಳಿ ಅದನ್ನು ಸರಿಸಿತು, ಬೆವರು ಆರಿತು. ಹವಳದ ಮೈಮೇಲೂ ಇಂಥದೊಂದು ಪದರ ಇರುತ್ತದೆ, ನೀರಿನದು. ಮೈಗೆ ಅಂಟಿಕೊಂಡು ಹೆಚ್ಚುಕಡಿಮೆ ನಿಂತೇ ಇರುವ ನೀರು. ಹವಳ ಉಸಿರಾಡುವುದು, ಹೊಲಸು ಹೊರಹಾಕುವುದು, ಪೋಷಕಾಂಶ ಹೀರುವುದು, ಎಲ್ಲವೂ ಆ ಪದರವನ್ನು ದಾಟಿಯೇ ನಡೆಯಬೇಕು. ಹೊರಗಿನ ಹರಿವು ಜೋರಾದಷ್ಟೂ ಪದರ ತೆಳುವಾಗುತ್ತದೆ. ನೀರು ನಿಂತರೆ ಅದು ದಪ್ಪವಾಗುತ್ತದೆ, ಹವಳ ಉಸಿರುಗಟ್ಟಿದ ಕೋಣೆಯಲ್ಲಿ ಕೂತ ಮನುಷ್ಯನಂತಾಗುತ್ತದೆ.

ಇನ್ನೊಂದು ವಿಚಾರ ಇದೆ. ಹವಳದ ಮೈಯೊಳಗೆ ಪಾಚಿಯ ಜಾತಿಯ ಸಣ್ಣ ಜೀವಿಗಳಿವೆ, ಬೆಳಕಿನಲ್ಲಿ ಅವು ಆಹಾರ ತಯಾರಿಸುತ್ತವೆ. ಹಾಗೆ ತಯಾರಿಸುವಾಗ ಆಮ್ಲಜನಕ ಹುಟ್ಟುತ್ತದೆ. ಹಗಲಿನಲ್ಲಿ ಆ ಆಮ್ಲಜನಕವೇ ಅತಿಯಾಗಿ ಕಷ್ಟ ಕೊಡುತ್ತದೆ, ಹರಿಯುವ ನೀರು ಅದನ್ನು ಆಚೆ ಒಯ್ಯಬೇಕು. ಬಲ್ಬು ಜೋರು ಮಾಡಿದೆ, ಆದರೂ ಹವಳ ಸೊರಗಿತು ಅನ್ನುವವರಿಗೆ ನಾನು ಮೊದಲು ಕೇಳುವುದು ನೀರಿನ ಬಗ್ಗೆ. ಝೀನಿಯಾ ಗುಂಪಿನ ಹವಳ ಅಂಗೈ ಮುಚ್ಚಿ ತೆರೆದ ಹಾಗೆ ಮಿಡಿಯುವುದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಇಷ್ಟು ಶಕ್ತಿ ಖರ್ಚು ಮಾಡಿ ಅದು ಯಾಕೆ ಮಿಡಿಯುತ್ತದೆ ಅಂತ ಬಹುಕಾಲ ಗೊತ್ತಿರಲಿಲ್ಲ. ಕೆಂಪು ಸಮುದ್ರದ ಏಲಾತ್ ತೀರದಲ್ಲಿ ಅದೇ ಗುಂಪಿನ ಹೆಟೆರೊಕ್ಸೀನಿಯಾ ಹವಳದ ಮೇಲೆ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆ ಮಿಡಿತ ಮೈಯಿಂದ ಆಮ್ಲಜನಕವನ್ನು ಆಚೆ ತಳ್ಳುತ್ತದೆ, ಒಳಗಿನ ಪಾಚಿ ಚೆನ್ನಾಗಿ ಕೆಲಸ ಮಾಡುತ್ತದೆ. ಮರುವರ್ಷ ಇನ್ನೊಂದು ತಂಡ, ಕಲ್ಲು ಹವಳಗಳೂ ಮೈಮೇಲಿನ ಕಣ್ಣಿಗೆ ಕಾಣದ ರೋಮಗಳನ್ನು ಬೀಸಿ ಪುಟ್ಟ ಪುಟ್ಟ ಸುಳಿ ಎಬ್ಬಿಸುತ್ತವೆ ಅಂತ ತೋರಿಸಿತು. ಕೂತಲ್ಲಿಂದ ಏಳಲಾಗದ ಪ್ರಾಣಿ ಗಾಳಿಗಾಗಿ ತಾನೇ ಬೀಸಣಿಗೆ ಬೀಸಿಕೊಳ್ಳುತ್ತಿದೆ. ಇದನ್ನು ಓದಿದ ದಿನದಿಂದ ನನಗೆ ಪಂಪ್ ಅನ್ನುವುದು ಅಲಂಕಾರದ ಸಾಮಾನಾಗಿ ಕಂಡಿಲ್ಲ.

ಕಡಲಿನಲ್ಲಿ ನೀರು ಹೇಗೆ ಓಡಾಡುತ್ತದೆ? ಸಮುದ್ರದಿಂದ ಇಷ್ಟು ದೂರ ಇರುವ ನಮಗೆ ಹರಿಯುವ ನೀರು ಅಂದರೆ ತುಂಗಭದ್ರೆ, ಇಲ್ಲವೇ ಕಾಲುವೆ. ನದಿ ಒಂದೇ ಕಡೆ ಹೋಗುತ್ತದೆ. ಆದರೂ ಆನೆಗೊಂದಿಯ ಹತ್ತಿರ ಹರಿಗೋಲಿನಲ್ಲಿ ದಾಟಿದವರಿಗೆ ಗೊತ್ತು, ನಟ್ಟನಡುವಿನ ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ ಮೇಲಕ್ಕೆ ಬರುತ್ತಿರುತ್ತದೆ. ಹುಟ್ಟು ಹಾಕುವವನು ಸೆಳವಿನ ಜೊತೆ ಗುದ್ದಾಡುವುದಿಲ್ಲ, ಬಂಡೆಯ ಮರೆಗೆ ಹರಿಗೋಲು ತಂದು ಆ ಹಿಂದಿರುಗುವ ನೀರಿನ ಮೇಲೆ ಕೂಡಿಸಿ ಉಸಿರು ತೆಗೆದುಕೊಳ್ಳುತ್ತಾನೆ. ಒಮ್ಮೆ ನಾನು ಪಕ್ಕಕ್ಕೆ ಬಾಗಿ ನೋಡುತ್ತಿದ್ದೆ. ಒಂದು ಒಣ ಎಲೆ ಬಂಡೆಯ ಅಂಚಿಗೆ ಬಂತು, ಸುಳಿಗೆ ಸಿಕ್ಕಿತು, ಮೂರು ಸುತ್ತು ಸುತ್ತಿ ಮೇಲ್ಮುಖವಾಗಿ ತೇಲಿ ಬಂಡೆಗೆ ತಾಕಿ ಮತ್ತೆ ಸೆಳವಿಗೆ ಬಿತ್ತು. ನಮ್ಮ ಟ್ಯಾಂಕಿನ ಕಲ್ಲುಗಳೂ ಇದೇ ಕೆಲಸ ಮಾಡಬೇಕು.

ಕಡಲಿನಲ್ಲಿ ಇದಕ್ಕೆ ಇನ್ನೆರಡು ಚಲನೆ ಸೇರುತ್ತವೆ. ಅಲೆ ಬಂದಾಗ ತಳದ ನೀರು ಮುಂದಕ್ಕೆ ಸರಿದು ಕೆಲವು ಸೆಕೆಂಡಿನಲ್ಲಿ ಹಿಂದಕ್ಕೆ ಸರಿಯುತ್ತದೆ, ಹವಳ ತೂಗುತ್ತದೆ. ಅದರ ಮೇಲೆ ಉಬ್ಬರ ಇಳಿತ, ಕೆಲವು ಗಂಟೆಗೊಮ್ಮೆ ದೊಡ್ಡ ದಿಕ್ಕೇ ಬದಲಾಗುತ್ತದೆ. ಜಾಗದಿಂದ ಜಾಗಕ್ಕೂ ವ್ಯತ್ಯಾಸ ಇದೆ. ಲಕ್ಷದ್ವೀಪದಂಥ ಹವಳ ದ್ವೀಪದಲ್ಲಿ ಹೊರ ಅಂಚಿಗೆ ಅಲೆ ಅಪ್ಪಳಿಸುತ್ತದೆ, ಹವಳದ ಅಂಚು ಸುತ್ತುವರಿದ ಒಳಗಿನ ಲಗೂನಿನಲ್ಲಿ ನೀರು ಸಾವಧಾನವಾಗಿರುತ್ತದೆ. ಎರಡೂ ಕಡೆ ಜೀವ ಇದೆ, ಅಲ್ಲಿಯದೆಲ್ಲ ಇಲ್ಲಿ ಬದುಕುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಲ್ಲು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನಮ್ಮ ಕಡಲಿನಿಂದ ಅವನ್ನು ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಸತ್ತ ಹವಳದ ತುಂಡಿಗೂ ಇದು ಅನ್ವಯಿಸುತ್ತದೆ. ನನ್ನ ಟ್ಯಾಂಕಿನಲ್ಲಿ ಇರುವುದು ಲೆದರ್, ಝೋವಾ, ಮಶ್ರೂಮ್, ಝೀನಿಯಾ ಅನ್ನುವ ಮೆತ್ತನೆಯ ಬಗೆಗಳು. ಕಲ್ಲು ಕೈಯಿಂದ ಮಾಡಿದ್ದು, ಕ್ಲೌನ್ ಮೀನು ಮರಿಕೇಂದ್ರದ್ದು. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಕಡಲಿನಿಂದ ಹಿಡಿದು ತರುವ ಅಗತ್ಯವೇ ಇಲ್ಲ. ನಾನು ಮುಂದೆ ಹೇಳುವುದೆಲ್ಲ ಈ ಮೆತ್ತನೆಯ ಹವಳಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು.

ನನ್ನ ಮೊದಲ ವರ್ಷದ ಟ್ಯಾಂಕು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಎಡ ಮೂಲೆಯಲ್ಲಿ ಒಂದೇ ಒಂದು ಪವರ್‌ಹೆಡ್ ಪಂಪ್. ನೀರು ಬಲಕ್ಕೆ ಜೋರಾಗಿ ಹೋಗುತ್ತಿತ್ತು, ನೋಡುವುದಕ್ಕೆ ಚೆನ್ನಾಗಿತ್ತು. ಅದರ ದಾರಿಯಲ್ಲಿ ಒಂದು ಲೆದರ್ ಹವಳ, ಅಣಬೆಯ ಆಕಾರದ್ದು, ಅಂಗೈಯಷ್ಟು ಅಗಲ. ಮೂರನೇ ವಾರಕ್ಕೆ ಪಂಪಿನ ಕಡೆಯ ಅರ್ಧದಲ್ಲಿ ಹವಳದ ಹೂವಿನಂಥ ಪುಟ್ಟ ಬಾಯಿಗಳಾದ ಪಾಲಿಪ್‌ಗಳು ಹೊರಬರುವುದನ್ನು ನಿಲ್ಲಿಸಿದವು. ಆ ಕಡೆ ತೊಗಲು ಬಿಗಿದು ಹೊಳೆಯುತ್ತಿತ್ತು. ಇನ್ನರ್ಧ ಮರೆಯಲ್ಲಿ ಅರಳಿಕೊಂಡಿತ್ತು. ಆರನೇ ವಾರಕ್ಕೆ ಬಿಗಿದ ಅರ್ಧ ಕಂದಿ ಕೊಳೆಯಿತು, ಬ್ಲೇಡಿನಿಂದ ಕೊಯ್ದು ತೆಗೆದೆ. ಅದೇ ದಿನ ಕಲ್ಲುಗಳನ್ನು ಸರಿಸಿದಾಗ ಹಿಂದಿನ ಬಲ ಮೂಲೆಯ ಮರಳು ಕಪ್ಪಾಗಿತ್ತು, ಕೊಳೆತ ಮೊಟ್ಟೆಯ ವಾಸನೆ. ಒಂದೇ ಟ್ಯಾಂಕಿನಲ್ಲಿ ಒಂದು ಕಡೆ ನೀರಿನ ಏಟಿಗೆ ಜೀವ ಸತ್ತಿತ್ತು, ಎರಡು ಅಡಿ ಆಚೆ ನೀರೇ ಸಿಗದೆ ಮರಳು ಸತ್ತಿತ್ತು. ಪಂಪಿನ ಬಲ ಸಾಕಷ್ಟು ಇತ್ತು, ಹಂಚಿಕೆ ಇರಲಿಲ್ಲ.

ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ, ಈಗ 105ರ ಆಸುಪಾಸು. ಉಳಿದ ಜಾಗ ಹೂಳಿನದು. ಹೊಳೆಯ ಸೆಳವು ಹೊತ್ತು ತಂದ ಮಣ್ಣು ನೀರು ನಿಧಾನವಾದ ಕಡೆ ಕೂರುತ್ತದೆ. ಟ್ಯಾಂಕಿನ ಹೂಳು ಮೀನಿನ ಹೊಲಸು, ಉಳಿದ ಆಹಾರ, ಪಾಚಿಯ ಚೂರು. ಅದು ಕೂತಲ್ಲೇ ಕೊಳೆಯುತ್ತದೆ, ನೈಟ್ರೇಟ್ ಏರುತ್ತದೆ. ಹರಿವಿನ ಅರ್ಧ ಕೆಲಸ ಹವಳಕ್ಕೆ, ಇನ್ನರ್ಧ ಈ ಹೂಳನ್ನು ಎಬ್ಬಿಸಿ ಫಿಲ್ಟರಿನವರೆಗೆ ಹೊತ್ತು ಒಯ್ಯುವುದಕ್ಕೆ.

ಇನ್ನು ಪಂಪು. ಪವರ್‌ಹೆಡ್ ಸಣ್ಣ ಬಾಯಿಂದ ತೆಳು ಧಾರೆ ಬಿಡುತ್ತದೆ, ಹೊಲಕ್ಕೆ ಪೈಪಿನ ಬಾಯಿ ಬೆರಳಿನಿಂದ ಒತ್ತಿ ಹಿಡಿದ ಹಾಗೆ. ವೇವ್‌ಮೇಕರ್‌ನಲ್ಲಿ ರೆಕ್ಕೆ ಇರುತ್ತದೆ, ಅಗಲವಾದ ಬಾಯಿಂದ ಬಹಳ ನೀರನ್ನು ಮೆಲ್ಲಗೆ ತಳ್ಳುತ್ತದೆ. ಹವಳಕ್ಕೆ ಬೇಕಾದದ್ದು ಎರಡನೆಯದು. ಎಷ್ಟು ದೊಡ್ಡದು ಬೇಕು ಅಂತ ಎಲ್ಲರೂ ಕೇಳುತ್ತೀರಿ. ನನ್ನ ಅಳತೆಯ ಟ್ಯಾಂಕಿಗೆ ಲೆಕ್ಕ ಮಾಡೋಣ. ಒಂಬತ್ತು ಘನ ಅಡಿ, ಅಂದರೆ 255 ಲೀಟರ್, ಕಲ್ಲು ಮರಳು ಕಳೆದರೆ 220 ಲೀಟರ್ ನೀರು. ಮೆತ್ತನೆಯ ಹವಳಕ್ಕೆ ಗಂಟೆಗೆ ಟ್ಯಾಂಕಿನ ನೀರಿನ 10ರಿಂದ 20 ಪಟ್ಟು ಅಂತ ವಾಡಿಕೆ. ಅಂದರೆ ಗಂಟೆಗೆ 2,200ರಿಂದ 4,400 ಲೀಟರ್. ನಾನು ಈ ಲೆಕ್ಕವನ್ನು ಕೊಳ್ಳುವ ದಿನ ಮಾತ್ರ ನೋಡುತ್ತೇನೆ. ಡಬ್ಬಿಯ ಮೇಲಿನ ಅಂಕಿ ಪಂಪು ಹೊಸದಾಗಿ, ಅಡ್ಡಿಯಿಲ್ಲದ ನೀರಿನಲ್ಲಿ ಇರುವಾಗಿನದು. ಅದೇ 4,000 ಲೀಟರಿನ ಒಂದು ಪಂಪಿಗಿಂತ 2,000ದ ಎರಡು ಪಂಪು ನನಗೆ ಹೆಚ್ಚು ಉಪಯೋಗಕ್ಕೆ ಬಂದಿವೆ.

ಎರಡನ್ನೂ ಎದುರುಬದುರಾಗಿ ಎಡ ಬಲದ ಚಿಕ್ಕ ಗಾಜಿಗೆ ಹಚ್ಚಿ. ನೀರಿನ ಎರಡು ಹರಿವು ನಡುವೆ ಎಲ್ಲೋ ಡಿಕ್ಕಿ ಹೊಡೆಯುತ್ತವೆ, ಡಿಕ್ಕಿಯ ಜಾಗದಲ್ಲಿ ಊದುಬತ್ತಿಯ ಮೇಲಿನ ಹೊಗೆ ಕಂಡಿರಲ್ಲ, ಆ ತರಹದ ಸುಳಿಗಳು ಹುಟ್ಟುತ್ತವೆ. ಇನ್ನು ಒಂದನ್ನು ಜೋರು, ಒಂದನ್ನು ಮೆತ್ತಗೆ ಮಾಡಿ, ಕೆಲವು ಹೊತ್ತಿನ ಮೇಲೆ ಅದಲುಬದಲು ಮಾಡಿ. ಡಿಕ್ಕಿಯ ಜಾಗವೇ ಟ್ಯಾಂಕಿನ ಉದ್ದಕ್ಕೂ ಓಡಾಡುತ್ತದೆ. ವೇಗ ಹೆಚ್ಚು ಕಡಿಮೆ ಮಾಡಬಹುದಾದ ಡಿಸಿ ಪಂಪಿಗೆ ಬರುವ ಕಂಟ್ರೋಲರ್ ಈ ಕೆಲಸ ತಾನೇ ಮಾಡುತ್ತದೆ. ನಾನು ಹಗಲು ಐದಾರು ಗಂಟೆ ಎಡದ್ದನ್ನು ಜೋರು ಇಟ್ಟು, ಆಮೇಲೆ ಬಲದ್ದಕ್ಕೆ ಬದಲಿಸುತ್ತೇನೆ. ರಾತ್ರಿ ಎರಡೂ ಮೆತ್ತಗೆ, ಆದರೆ ಒಂದು ಮೇಲ್ಮೈಯನ್ನು ಕಲಕುತ್ತಲೇ ಇರಬೇಕು. ಪಂಪಿನ ಬಾಯಿ ಯಾವ ಹವಳಕ್ಕೂ ನೇರ ಇರಬಾರದು. ಎದುರಿನ ಗಾಜಿಗೋ ನೀರಿನ ಮೇಲ್ಮೈಗೋ ಗುರಿಯಿಡಿ, ಬಡಿದು ಹರಡಿ ಬರುವ ನೀರು ಹವಳಕ್ಕೆ ಸಾಕು.

ಪಂಪಿಗಿಂತ ಹೆಚ್ಚಾಗಿ ಟ್ಯಾಂಕನ್ನು ಕೆಡಿಸುವುದು ಕಲ್ಲು ಜೋಡಣೆ. ಹಿಂಬದಿ ಗಾಜಿಗೆ ಒತ್ತಿ ಗೋಡೆಯಂತೆ ಕಟ್ಟುವುದು ಎಲ್ಲರ ಮೊದಲ ತಪ್ಪು, ನನ್ನದೂ ಅದೇ. ನಮ್ಮ ಬಳ್ಳಾರಿ ಗುಡ್ಡ ನೋಡಿ, ಕೋಟೆಯ ಕೆಳಗಿನ ಇಡೀ ಗುಡ್ಡ ಒಂದೇ ಬಂಡೆಯಂತೆ ಕಾಣುತ್ತದೆ. ಗಾಳಿ ಬಂದರೆ ಸುತ್ತಿಕೊಂಡು ಹೋಗಬೇಕು. ಆನೆಗೊಂದಿಯ ಗುಡ್ಡಗಳನ್ನು ನೋಡಿ, ಬಂಡೆಯ ಮೇಲೆ ಬಂಡೆ, ನಡುವೆ ಸಂದು, ಸಂದಿನ ಆಚೆ ಆಕಾಶ ಕಾಣುತ್ತದೆ. ಒಳಗೆ ನಿಂತರೆ ಬೇಸಿಗೆಯಲ್ಲೂ ಎಲ್ಲಿಂದಲೋ ಗಾಳಿ ಬರುತ್ತದೆ. ಟ್ಯಾಂಕಿನ ಕಲ್ಲು ಹಾಗೆ ಕೂರಿಸಿ. ಹಿಂದೆ ನಾಲ್ಕು ಬೆರಳು ಜಾಗ ಬಿಡಿ, ಕೆಳಗೆ ಕಾಲು ಕೊಟ್ಟು ಎತ್ತಿ, ನಡುವೆ ಕಮಾನಿನಂತೆ ಸಂದು ಇರಲಿ. ಜೋರು ಹರಿವಿನ ತುದಿಗಳಲ್ಲಿ ಲೆದರ್, ನಡುವಿನ ಇಳಿಜಾರಿನಲ್ಲಿ ಝೋವಾ, ತಳದ ಮರೆಯಲ್ಲಿ ಮಶ್ರೂಮ್. ಮಶ್ರೂಮಿಗೆ ನೀರು ಹೆಚ್ಚಾದರೆ ಬುಡ ಬಿಟ್ಟು ತೇಲಿಹೋಗುತ್ತದೆ, ಬೆಳಿಗ್ಗೆ ಎದ್ದು ಹುಡುಕಬೇಕಾಗುತ್ತದೆ.

ವೇವ್‌ಮೇಕರ್‌ನಲ್ಲಿ ಅಲೆ ಎಬ್ಬಿಸುವ ಪದ್ಧತಿಯೂ ಇದೆ. ನಾಗರ ಪಂಚಮಿಯ ಜೋಕಾಲಿ ನೆನಪು ಮಾಡಿಕೊಳ್ಳಿ. ಜೀಕುವ ಹುಡುಗಿಯ ತಾಕತ್ತು ಎಷ್ಟು? ಆದರೆ ಸರಿಯಾದ ಹೊತ್ತಿಗೆ ಜೀಕಿದರೆ ಮರದ ಕೊಂಬೆ ಮುಟ್ಟುತ್ತಾಳೆ. ಟ್ಯಾಂಕಿನ ನೀರಿಗೂ ತನ್ನದೇ ಒಂದು ತೂಗಾಟದ ಅವಧಿ ಇದೆ, ನಾಲ್ಕು ಅಡಿ ಟ್ಯಾಂಕಿಗೆ ಒಂದೂವರೆ ಸೆಕೆಂಡಿನ ಹತ್ತಿರ. ಆ ತಾಳಕ್ಕೆ ಪಂಪು ಮಿಡಿದರೆ ಇಡೀ ನೀರು ತೂಗಲು ಶುರುವಾಗುತ್ತದೆ. ಹವಳಗಳು ಎಡಕ್ಕೂ ಬಲಕ್ಕೂ ಬಾಗುವುದನ್ನು ನೋಡುವುದೇ ಒಂದು ಸುಖ. ಅಂಚಿನಲ್ಲಿ ಬೆರಳ ದಪ್ಪದ ಅಲೆ ಸಾಕು. ಅದಕ್ಕೂ ಮೀರಿ ಎಬ್ಬಿಸಬೇಡಿ, 200 ಕಿಲೋ ನೀರು ಗಾಜಿನ ಅಂಟಿನ ಮೇಲೆ ದಿನಕ್ಕೆ ಸಾವಿರಾರು ಸಲ ಭಾರ ಹಾಕುತ್ತದೆ.

ಇಂಥ ಪಂಪಿನಿಂದ ಸಿಗದ ಇನ್ನೊಂದು ಅಲೆಯನ್ನು ಬಕೆಟಿನಲ್ಲಿ ಮಾಡಬಹುದು. ನಮ್ಮಜ್ಜಿಯ ದೇವರ ಜಗಲಿಯ ಮೇಲೆ ಹಿತ್ತಾಳೆಯ ವಸುದೇವನ ಬಟ್ಟಲು ಇತ್ತು. ನಡುವೆ ವಸುದೇವ, ಅವನ ಕೈಯಲ್ಲಿ ಕೂಸು ಕೃಷ್ಣ. ನೀರು ಹಾಕುತ್ತಾ ಹೋದರೆ ತುಂಬುತ್ತದೆ, ಕೃಷ್ಣನ ಪಾದ ಮುಟ್ಟಿದ ಕೂಡಲೇ ಬಟ್ಟಲಿನ ನೀರೆಲ್ಲ ಕೆಳಗಿನ ತೂತಿನಿಂದ ಇಳಿದುಹೋಗುತ್ತದೆ. ಯಮುನೆ ದಾರಿ ಬಿಟ್ಟಳು ಅಂತ ಅಜ್ಜಿ ಕೈಮುಗಿಯುತ್ತಿದ್ದಳು. ಒಳಗೆ ಇರುವುದು ಬಾಗಿದ ಕೊಳವೆ, ಸೈಫನ್. ಹವಾಯಿಯ ವೈಕಿಕಿ ಅಕ್ವೇರಿಯಂನಲ್ಲಿದ್ದ ಬ್ರೂಸ್ ಕಾರ್ಲ್ಸನ್ ಇದೇ ತತ್ವದಿಂದ ಹವಳದ ತೊಟ್ಟಿಗೆ ಅಲೆ ಕೊಟ್ಟರು, ಅದಕ್ಕೆ ಅವರ ಹೆಸರೇ ಉಳಿದಿದೆ. ಟ್ಯಾಂಕಿಗಿಂತ ಎರಡು ಮೂರು ಅಡಿ ಮೇಲೆ 20 ಲೀಟರಿನ ಬಕೆಟ್. ಗಂಟೆಗೆ 500 ಲೀಟರಿನ ಸಣ್ಣ ಪಂಪು ಅದನ್ನು ಸುಮಾರು ಎರಡೂವರೆ ನಿಮಿಷದಲ್ಲಿ ತುಂಬುತ್ತದೆ. ನೀರು ಬಾಗಿದ ಪೈಪಿನ ನೆತ್ತಿ ದಾಟಿತೋ, ಹತ್ತು ಹನ್ನೆರಡು ಸೆಕೆಂಡಿನಲ್ಲಿ ಅಷ್ಟೂ ನೀರು ಕೆಳಗೆ ಬರುತ್ತದೆ. ಒಂದೂವರೆ ಇಂಚಿನ ಪಿವಿಸಿ ಪೈಪು ಸಾಕು. ಆ ಹತ್ತು ಸೆಕೆಂಡು ಆರು ಸಾವಿರ ಲೀಟರಿನ ಪಂಪು ಓಡಿದಂತೆ, ಆಮೇಲೆ ನಿಶ್ಶಬ್ದ, ಮತ್ತೆ ಅಲೆ. ತೊಂದರೆಗಳೂ ಇವೆ. ಗುಳ್ಳೆ, ಸದ್ದು, ಗೋಡೆಗೆ ಉಪ್ಪಿನ ಹನಿ. ನನ್ನ ಟ್ಯಾಂಕಿನಲ್ಲಿ ಪ್ರತಿ ಸಲವೂ ನೀರು ಒಂದೂವರೆ ಇಂಚು ಏರಿ ಇಳಿಯುತ್ತಿತ್ತು, ಅಷ್ಟು ಜಾಗ ಮೇಲೆ ಬಿಡಬೇಕು. ತುಂಬುವ ಪೈಪಿನ ಬಾಯಿ ಬಕೆಟಿನ ನೀರಿಗೆ ಮುಳುಗದಿರಲಿ, ಮುಳುಗಿದರೆ ಕರೆಂಟ್ ಹೋದಾಗ ನೀರು ಅದೇ ದಾರಿಯಲ್ಲಿ ವಾಪಸು ಇಳಿಯುತ್ತದೆ.

ಕರೆಂಟಿನ ಮಾತು ಬಂತು, ಬೇಸಿಗೆಯ ಮಾತೂ ಆಡಬೇಕು. ಹೊರಗೆ 40 ಡಿಗ್ರಿ ದಾಟುವ ಊರು ನಮ್ಮದು, ಹವಳಕ್ಕೆ ಬೇಕಾದದ್ದು 25ರಿಂದ 27. ಮುಳುಗಿದ ಪಂಪು ತಿನ್ನುವ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಬಿಸಿಯಾಗಿ ನೀರಿಗೇ ಸೇರುತ್ತದೆ. 30 ವ್ಯಾಟಿನ ಎರಡು ಹಳೆಯ ಪಂಪು ಅಂದರೆ 60 ವ್ಯಾಟಿನ ಹೀಟರ್ ಇಟ್ಟ ಹಾಗೆ. ಕಡಿಮೆ ವ್ಯಾಟಿನ ಡಿಸಿ ಪಂಪಿಗೆ ಕೊಟ್ಟ ದುಡ್ಡು ನಮ್ಮೂರಲ್ಲಿ ದಂಡವಲ್ಲ. ಒಂದು ಅನುಕೂಲವೂ ಇದೆ. ನಮ್ಮ ಗಾಳಿ ಒಣ. ಮಂಗಳೂರಿನಲ್ಲಿ ಕೆಲಸ ಮಾಡದ ಕೂಲರ್ ಇಲ್ಲಿ ಕೆಲಸ ಮಾಡುತ್ತದೆ. ನೀರಿನ ಮೇಲ್ಮೈ ಅಲುಗುತ್ತಿರುವಾಗ ಅದರ ಮೇಲೆ ಒಂದು ಸಣ್ಣ ಫ್ಯಾನ್ ಓರೆಯಾಗಿ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಏಪ್ರಿಲ್ ಮೇನಲ್ಲಿ ನನ್ನ ಟ್ಯಾಂಕಿನಿಂದ ದಿನಕ್ಕೆ ಏಳು ಲೀಟರಿನವರೆಗೆ ಆವಿಯಾಗುತ್ತದೆ. ಹೋಗುವುದು ನೀರು, ಉಪ್ಪು ಒಳಗೇ ಉಳಿಯುತ್ತದೆ, ಹಾಗಾಗಿ ತುಂಬಬೇಕಾದದ್ದು ಉಪ್ಪಿಲ್ಲದ ಆರ್‌ಒ ನೀರು. ಹಾಗೇ, ಕೂಲರ್ ಪಂಪನ್ನು ಮಾತ್ರ ಟ್ಯಾಂಕಿಗೆ ಹಾಕಬೇಡಿ. ಕಡಿಮೆ ಬೆಲೆಗೆ ಸಿಗುತ್ತದೆ ನಿಜ, ಉಪ್ಪುನೀರಿಗೆ ಅದರ ಲೋಹದ ಭಾಗ ಕರಗುತ್ತದೆ. ತಾಮ್ರ ಸ್ವಲ್ಪ ಸೇರಿದರೂ ಸೀಗಡಿ, ಹವಳ ಉಳಿಯುವುದಿಲ್ಲ.

ಬಿಸಿಗೂ ಹರಿವಿಗೂ ಇನ್ನೂ ಆಳದ ಸಂಬಂಧ ಇದೆ. 1998ರಲ್ಲಿ ಕಡಲು ಕಾದು ಲಕ್ಷದ್ವೀಪವೂ ಸೇರಿ ಜಗತ್ತಿನ ಎಷ್ಟೋ ಕಡೆ ಹವಳ ಬಿಳಿಚಿಕೊಂಡು ಸತ್ತಿತು. ಅದರ ಬೆನ್ನಿಗೆ 2001ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಒಂದೇ ಜಾತಿಯ ಅಕ್ರೊಪೊರಾ ಹವಳವನ್ನು ಬಿಸಿಯಲ್ಲಿಟ್ಟು ಒಂದಕ್ಕೆ ಜೋರು ಹರಿವು, ಇನ್ನೊಂದಕ್ಕೆ ಮಂದ ಹರಿವು ಕೊಟ್ಟರು. ಮಂದ ನೀರಿನವು ಬಿಳಿಚಿದವು, ಜೋರು ನೀರಿನವು ತಡೆದುಕೊಂಡವು. ಬೇಸಿಗೆ ಬಂದಾಗ ನಾನು ಬೆಳಕು ಇಳಿಸುತ್ತೇನೆ, ಹರಿವು ಇಳಿಸುವುದಿಲ್ಲ.

ಆಮ್ಲಜನಕದ ಲೆಕ್ಕವೂ ಕೇಳಿ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ಅದೇ ಬಿಸಿಯ ಕಡಲ ನೀರು 6.7ರಷ್ಟು ಮಾತ್ರ. ಬಿಸಿ ಏರಿದಷ್ಟೂ ಅದೂ ಇಳಿಯುತ್ತದೆ. ಒಂದು ಮೇ ತಿಂಗಳ ಮಧ್ಯಾಹ್ನ ನಾನು ಊರಲ್ಲಿರಲಿಲ್ಲ, ನಾಲ್ಕು ಗಂಟೆ ಕರೆಂಟ್ ಇರಲಿಲ್ಲ. ಬಂದು ನೋಡಿದರೆ ಎರಡು ಮೀನು ತಳದಲ್ಲಿ, ಒಂದು ಮೇಲ್ಮೈಯಲ್ಲಿ ಬಾಯಿ ಬಿಡುತ್ತಿತ್ತು. ಅವತ್ತು ಸಂಜೆಯೇ ಒಂದು ಡಿಸಿ ಪಂಪನ್ನು ಬ್ಯಾಟರಿಗೆ ಜೋಡಿಸಿದೆ. ಲೈಟು ಬೇಡ, ಹೊಲಸನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಬೇಡ. ಒಂದೇ ಪಂಪು, ಬಾಯಿ ಮೇಲ್ಮೈಯ ಕಡೆ. ಐದು ವ್ಯಾಟಿನದಾದರೆ ಬೈಕಿನ ಬ್ಯಾಟರಿಯೂ ಎಷ್ಟೋ ಗಂಟೆ ಎಳೆಯುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಹರಿವು ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಅಂತ. ಸೂಜಿ ತೆಗೆದ ದೊಡ್ಡ ಸಿರಿಂಜ್ ತನ್ನಿ. ಮೀನಿನ ಆಹಾರದ ಪುಡಿ ನೀರಲ್ಲಿ ಕಲಸಿ ಎಳೆದುಕೊಂಡು ಒಂದೊಂದು ಮೂಲೆಯಲ್ಲಿ ಚೂರು ಬಿಡಿ. ಕಣಗಳು ಸುತ್ತಿ ಸುತ್ತಿ ಆಚೆ ಹೋಗುತ್ತವೆಯೋ, ಬಾಣದಂತೆ ಓಡುತ್ತವೆಯೋ, ಅಲ್ಲೇ ಕೂರುತ್ತವೆಯೋ ನೋಡಿ. ಕೂತಲ್ಲಿ ಪಂಪಿನ ಕೋನ ಒಂದು ಬೆರಳು ತಿರುಗಿಸಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಒಂದೇ ದಿನ ಎಲ್ಲ ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಎರಡು ತಿಂಗಳಿಗೊಮ್ಮೆ ಪಂಪು ಬಿಚ್ಚಿ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಿನಲ್ಲಿ ಒಂದು ಗಂಟೆ ನೆನೆಸಿ. ಸುಣ್ಣ ಕಟ್ಟಿದ ರೆಕ್ಕೆ ಸದ್ದು ಮಾಡುತ್ತಲೇ ಇರುತ್ತದೆ, ನೀರು ಮಾತ್ರ ತಳ್ಳುವುದಿಲ್ಲ.

ಆ ಅರ್ಧ ಕೊಯ್ದ ಲೆದರ್ ಏನಾಯಿತು ಅಂತ ಇನ್ನೊಬ್ಬರು ಕೇಳಿದಿರಿ. ಜಾಗ ಬದಲಿಸಿ ಎರಡು ಪಂಪಿನ ಹರಿವು ಸೇರುವ ಕಡೆಗೆ ತಂದಿಟ್ಟೆ. ಹತ್ತು ದಿನ ಮುದುಡಿಕೊಂಡೇ ಇತ್ತು, ಮೇಲೆ ಮೇಣ ಸವರಿದ ಹಾಗೆ ಒಂದು ಪೊರೆ ಕಟ್ಟಿತು. ಲೆದರ್ ಹವಳ ಆಗಾಗ ಹೀಗೆ ಪೊರೆ ಕಟ್ಟಿ ಕಳಚುತ್ತದೆ, ಮೇಲೆ ಕೂತ ಪಾಚಿ ಹೊಲಸೆಲ್ಲ ಅದರ ಜೊತೆ ಹೋಗುತ್ತದೆ. ಆದರೆ ಪೊರೆ ಎಳೆದು ಒಯ್ಯುವ ನೀರು ಬೇಕು. ಹನ್ನೊಂದನೇ ರಾತ್ರಿ ಟಾರ್ಚ್ ಹಿಡಿದು ನೋಡುತ್ತಿದ್ದೆ. ಒಂದು ಅಂಚಿನಲ್ಲಿ ಪೊರೆ ಎದ್ದಿತ್ತು, ಎಡದ ನೀರು ಬಂದಾಗ ಬಲಕ್ಕೆ ಹಾರುತ್ತಿತ್ತು, ಬಲದ ನೀರು ಬಂದಾಗ ಎಡಕ್ಕೆ ಮಡಚುತ್ತಿತ್ತು. ಹಾಗೆ ಹತ್ತಿಪ್ಪತ್ತು ಸಲ ಆಚೀಚೆ ಆಗಿ ಮೆಲ್ಲಗೆ ಕಳಚಿ ಫಿಲ್ಟರಿನ ಕಡೆ ತೇಲಿಹೋಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕೊಯ್ದ ಅಂಚಿನ ಹತ್ತಿರದವರೆಗೂ ಪಾಲಿಪ್‌ಗಳು ಹೊರಬಂದಿದ್ದವು.